ಕೂಟಲೇಖವೂ ಮಂತ್ರಭೇದವೂ: ಎನ್ರಾನ್ ದಾಖಲೆಗಳ ಒಂದು ವಿಮರ್ಶೆ

ಭಗವಾನ್ ಮಹಾವೀರರ ನಿರ್ವಾಣ ಕಲ್ಯಾಣದ ದಿನವಾದ ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುವ ಪದ್ಧತಿ ಜೈನ ವರ್ತಕರ ಮನೆತನಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಆ ಪೂಜೆ ಕಾಗದಕ್ಕೆ ಸಲ್ಲುವುದಲ್ಲ, ಲಾಭಕ್ಕೆ ಸಲ್ಲುವುದೂ ಅಲ್ಲ. ಮುಂದಿನ ಒಂದು ವರ್ಷ ಈ ಪುಟಗಳಲ್ಲಿ ಬರೆಯುವುದೆಲ್ಲವೂ ನಡೆದುದನ್ನೇ ಹೇಳಲಿ ಎಂಬ ಸಂಕಲ್ಪಕ್ಕೆ ಅದು ಸಲ್ಲುತ್ತದೆ. ಕಿರ್ದಿಯಲ್ಲಿ ಬರೆದದ್ದು ಒಂದು ರೀತಿಯ ಮಾತು. ಬಾಯಿಯ ಮಾತಿಗಿಂತ ಹೆಚ್ಚು ಕಾಲ ಉಳಿಯುವ ಮಾತು. ಆದ್ದರಿಂದಲೇ ಪ್ರಾಚೀನ ಆಚಾರ್ಯರು ಗೃಹಸ್ಥನ ಸತ್ಯಾಣುವ್ರತವನ್ನು ವಿವರಿಸುವಾಗ ನಾಲಗೆಯ ಜೊತೆಗೆ ಲೇಖನಿಯನ್ನೂ ವ್ರತದ ಮೇರೆಯೊಳಗೆ ತಂದರು.

ಶೇರು ಮಾರುಕಟ್ಟೆಯ ನಿಯಂತ್ರಣವನ್ನು ಕುರಿತು ಇಂದು ನಡೆಯುವ ಚರ್ಚೆಗಳಲ್ಲಿ ‘ಪಾರದರ್ಶಕತೆ’ ಎಂಬ ಪದ ಮೇಲಿಂದ ಮೇಲೆ ಕೇಳಿಬರುತ್ತದೆ. ಎಲ್ಲವನ್ನೂ ತೆರೆದಿಟ್ಟರೆ ಧರ್ಮ ಉಳಿಯುತ್ತದೆ ಎಂಬ ಭಾವನೆ ಈ ಪದದ ಹಿಂದಿದೆ. ಈ ಭಾವನೆ ಅರ್ಧಸತ್ಯವೆಂಬುದನ್ನು ತೋರಿಸಲು ಅಮೆರಿಕದ ಎನ್ರಾನ್ ಕಂಪೆನಿಯ ಪ್ರಕರಣದಷ್ಟು ಉಪಯುಕ್ತವಾದ ಉದಾಹರಣೆ ಇನ್ನೊಂದಿಲ್ಲ. ಆ ಕಂಪೆನಿ ತನ್ನ ಲೆಕ್ಕಗಳಲ್ಲಿ ಏನು ಬರೆಯಿತು, ಲೆಕ್ಕಪರಿಶೋಧಕರು ಏನನ್ನು ನಾಶ ಮಾಡಿದರು, ಸರ್ಕಾರದ ತನಿಖಾ ಸಂಸ್ಥೆಗಳು ಏನನ್ನು ಪ್ರಕಟಿಸಿದವು ಎಂಬ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸತ್ಯವ್ರತದ ಪೂರ್ಣಸ್ವರೂಪ ಸ್ಪಷ್ಟವಾಗುತ್ತದೆ.

ವ್ರತದ ಐದು ಅತಿಚಾರಗಳು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಜನರನ್ನು ಅವರ ಹಿತಕ್ಕೆ ವಿರುದ್ಧವಾದ ದಾರಿಗೆ ಹಚ್ಚುವುದು ಮಿಥ್ಯೋಪದೇಶ. ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು ರಹೋಭ್ಯಾಖ್ಯಾನ. ಇಲ್ಲದ್ದನ್ನು ಇದ್ದಂತೆ ಬರೆದು ವಂಚಿಸುವುದು ಕೂಟಲೇಖಕ್ರಿಯೆ. ನಂಬಿ ಇಟ್ಟ ಒತ್ತೆಯಲ್ಲಿ ಅಪಹಾರ ಮಾಡುವುದು ನ್ಯಾಸಾಪಹಾರ. ಪರರ ಅಂತರಂಗದ ಅಭಿಪ್ರಾಯವನ್ನು ತಿಳಿದು ಅದನ್ನು ಬಯಲು ಮಾಡುವುದು ಸಾಕಾರಮಂತ್ರಭೇದ.

ಈ ಪಟ್ಟಿಯನ್ನು ವರ್ತಕನ ಕಣ್ಣಿನಿಂದ ನೋಡಿದವರಿಗೆ ಒಂದು ವಿಶೇಷ ಕಾಣದಿರದು. ಐದರಲ್ಲಿ ಮೂರು ದೋಷಗಳು ಸುಳ್ಳನ್ನು ಹೇಳುವ ಅಥವಾ ಸತ್ಯವನ್ನು ಅಡಗಿಸುವ ದೋಷಗಳು. ಉಳಿದ ಎರಡು ಅದಕ್ಕೆ ತದ್ವಿರುದ್ಧವಾದವು. ನಿಜವನ್ನೇ ಹೇಳಿಯೂ ಸತ್ಯವ್ರತವನ್ನು ಕೆಡಿಸಲು ಸಾಧ್ಯವೆಂದು ಅವು ಸಾರುತ್ತವೆ. ಮುಚ್ಚಬಾರದ್ದನ್ನು ಮುಚ್ಚುವುದು ಹೇಗೆ ದೋಷವೋ ತೆರೆಯಬಾರದ್ದನ್ನು ತೆರೆಯುವುದೂ ಹಾಗೆಯೇ ದೋಷ. ಆಧುನಿಕ ಕಾನೂನು ಮೊದಲನೆಯ ಪಾಠವನ್ನು ಬಹಳ ಬೆಲೆ ಕೊಟ್ಟು ಕಲಿತಿದೆ. ಎರಡನೆಯ ಪಾಠವನ್ನು ಇನ್ನೂ ಸರಿಯಾಗಿ ಕಲಿತಿಲ್ಲ.

ಕೂಟಲೇಖದ ಹೊಸ ರೂಪ

ಎನ್ರಾನ್ ಕಂಪೆನಿ 1985ರಲ್ಲಿ ಎರಡು ಅನಿಲ ಸಾಗಣೆ ಕಂಪೆನಿಗಳು ಕೂಡಿ ಹುಟ್ಟಿದ್ದು. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರ ಅದರ ಕೇಂದ್ರ. ಮಹಾರಾಷ್ಟ್ರದ ದಾಭೋಳ ವಿದ್ಯುತ್ ಯೋಜನೆಯ ಮೂಲಕ ಭಾರತೀಯರಿಗೂ ಅದರ ಹೆಸರು ಪರಿಚಿತ. 2000ನೆಯ ವರ್ಷದಲ್ಲಿ ಅದು ತೋರಿಸಿದ ವಹಿವಾಟು ಹತ್ತು ಸಾವಿರ ಕೋಟಿ ಡಾಲರ್‌ಗೂ ಮಿಗಿಲು. ಆ ವರ್ಷದ ಆಗಸ್ಟ್‌ನಲ್ಲಿ ಅದರ ಒಂದು ಶೇರಿನ ಬೆಲೆ 90 ಡಾಲರ್ ದಾಟಿತ್ತು. 2001ರ ನವೆಂಬರ್ ಮುಗಿಯುವುದರೊಳಗೆ ಅದು ಒಂದು ಡಾಲರ್‌ಗಿಂತ ಕೆಳಗಿಳಿಯಿತು. ಡಿಸೆಂಬರ್ 2ರಂದು ಕಂಪೆನಿ ದಿವಾಳಿ ಅರ್ಜಿ ಸಲ್ಲಿಸಿತು.

ಈ ಪತನಕ್ಕೆ ಕಾರಣವಾದ ಲೆಕ್ಕಗಳನ್ನು ಕೂಟಲೇಖವೆಂದು ಕರೆಯುವಾಗ ಒಂದು ಎಚ್ಚರ ಅಗತ್ಯ. ಹಳೆಯ ಕಾಲದ ಕೂಟಲೇಖದಲ್ಲಿ ನಕಲಿ ಸಹಿ, ತಿದ್ದಿದ ಅಂಕಿ, ಇಲ್ಲದ ಸಾಲದ ಪತ್ರ ಇರುತ್ತಿದ್ದವು. ಎನ್ರಾನ್‌ನ ಬಹುಪಾಲು ಬರಹಗಳಿಗೆ ವಕೀಲರ ಅಭಿಪ್ರಾಯವೂ ಪರಿಶೋಧಕರ ಒಪ್ಪಿಗೆಯೂ ಇದ್ದವು. ನಿಯಮದ ಅಕ್ಷರವನ್ನು ಹಿಡಿದು ನಿಯಮದ ಉದ್ದೇಶವನ್ನು ಕೊಂದ ಬರಹ ಅದು.

ಎರಡು ಉದಾಹರಣೆಗಳು ಸಾಕು. ಮೊದಲನೆಯದು, ದೀರ್ಘಕಾಲದ ಕರಾರುಗಳ ಲಾಭವನ್ನು ಕರಾರು ಆದ ದಿನವೇ ಜಮೆ ಮಾಡುವ ಪದ್ಧತಿ. ಅನಿಲ ವ್ಯಾಪಾರದಲ್ಲಿ ಈ ಪದ್ಧತಿಯನ್ನು ಅನುಸರಿಸಲು ಅಮೆರಿಕದ ಶೇರು ನಿಯಂತ್ರಣ ಸಂಸ್ಥೆಯಾದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ 1992ರ ಜನವರಿಯಲ್ಲಿ ಆಕ್ಷೇಪಣೆ ಇಲ್ಲವೆಂದು ತಿಳಿಸಿತು. ಅಡಿಕೆ ಸಸಿ ನೆಟ್ಟ ದಿನವೇ ಮುಂದಿನ ಇಪ್ಪತ್ತು ವರ್ಷಗಳ ಫಸಲಿಗೆ ಬೆಲೆ ಕಟ್ಟಿ ಈ ವರ್ಷದ ಲಾಭವೆಂದು ಬರೆದುಕೊಂಡರೆ ಹೇಗೋ ಹಾಗೆ ಇದು. ಮಳೆ, ರೋಗ, ಧಾರಣೆ ಯಾವುದೂ ಇನ್ನೂ ಬಂದಿಲ್ಲ. ಆದರೆ ಪುಸ್ತಕದಲ್ಲಿ ಲಾಭ ಬಂದಿದೆ. ಮರುವರ್ಷ ಅದಕ್ಕಿಂತ ಹೆಚ್ಚು ತೋರಿಸಬೇಕಾದರೆ ಇನ್ನಷ್ಟು ಸಸಿಗಳನ್ನು ಕಾಗದದ ಮೇಲೆ ನೆಡಲೇಬೇಕಾಗುತ್ತದೆ.

ಎರಡನೆಯದು ಹಣಕಾಸಿನ ಮುಖ್ಯಾಧಿಕಾರಿಯಾಗಿದ್ದ ಆಂಡ್ರೂ ಫಾಸ್ಟೋ ಅವರು ನಡೆಸಿದ ಪಾಲುದಾರಿಕೆಗಳು. 1999ರಲ್ಲಿ ಕಂಪೆನಿಯ ನಿರ್ದೇಶಕ ಮಂಡಳಿಯು ತನ್ನದೇ ನೀತಿಸಂಹಿತೆಯನ್ನು ಬದಿಗಿರಿಸಿ ಇದಕ್ಕೆ ಅನುಮತಿ ನೀಡಿತು. ಕಂಪೆನಿಯ ಪರವಾಗಿ ಮಾರುವ ಕಡೆಯಲ್ಲಿ ನಿಂತವರೂ ಅವರೇ, ಕೊಳ್ಳುವ ಪಾಲುದಾರಿಕೆಯನ್ನು ನಡೆಸಿದವರೂ ಅವರೇ. ಕಂಪೆನಿಯ ಹೂಡಿಕೆಗಳಲ್ಲಿ ಆದ ನಷ್ಟವನ್ನು ಭರಿಸುವುದಾಗಿ ಹೇಳಿಕೊಂಡ ಕೆಲವು ಸಂಸ್ಥೆಗಳ ಬಳಿ ಇದ್ದ ಮುಖ್ಯ ಆಸ್ತಿ ಎನ್ರಾನ್ ಶೇರುಗಳೇ ಆಗಿದ್ದವು. ಬಲಗೈ ಸಾಲಕ್ಕೆ ಎಡಗೈ ಜಾಮೀನು ನಿಂತಂತಾಯಿತು. ವಿಲಿಯಂ ಪವರ್ಸ್ ಅವರ ಅಧ್ಯಕ್ಷತೆಯ ಸಮಿತಿ 2002ರ ಫೆಬ್ರವರಿಯಲ್ಲಿ ನೀಡಿದ ವರದಿಯ ಪ್ರಕಾರ, ಈ ಏರ್ಪಾಟಿನಿಂದ ಸುಮಾರು ಒಂದು ವರ್ಷದ ಅವಧಿಯಲ್ಲಿ ನೂರು ಕೋಟಿ ಡಾಲರ್‌ಗೆ ಸಮೀಪದ ನಷ್ಟ ಲೆಕ್ಕದಲ್ಲಿ ಕಾಣದೆ ಹೋಯಿತು. ಫಾಸ್ಟೋ ಅವರಿಗೆ ಕನಿಷ್ಠ ಮೂರು ಕೋಟಿ ಡಾಲರ್ ಲಾಭವಾಯಿತು.

ಇಲ್ಲಿ ನಿಯಂತ್ರಕರ ಪಾಲನ್ನೂ ಮರೆಯುವಂತಿಲ್ಲ. ಕಂಪೆನಿಯ ವಾರ್ಷಿಕ ವಿವರಗಳನ್ನು ಆಯೋಗ ಕೊನೆಯ ಬಾರಿ ಪರಿಶೀಲಿಸಿದ್ದು 1997ನೆಯ ವರ್ಷಕ್ಕೆ ಸಂಬಂಧಿಸಿದಂತೆ. ಅನಂತರದ ಮೂರು ವರ್ಷಗಳ ವಿವರಗಳು ಸಲ್ಲಿಕೆಯಾದವು, ಕಡತಕ್ಕೆ ಸೇರಿದವು, ಪರಿಶೀಲನೆಗೆ ಒಳಗಾಗಲಿಲ್ಲ. ತೆರೆದಿಟ್ಟ ಪುಸ್ತಕವನ್ನು ಓದುವವರಿಲ್ಲದಿದ್ದರೆ ತೆರೆದಿಡುವುದರ ಅರ್ಥವೇನು ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ಒತ್ತೆಯಿಟ್ಟವರ ಗತಿ

ನ್ಯಾಸಾಪಹಾರವನ್ನು ವಿವರಿಸುವಾಗ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಕೊಡುವ ನಿದರ್ಶನ ಅತ್ಯಂತ ಸೂಕ್ಷ್ಮವಾದುದು. ಒಬ್ಬನು ಹಣವನ್ನು ಇನ್ನೊಬ್ಬನಲ್ಲಿ ಇಟ್ಟು, ಕಾಲಾನಂತರ ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಮೊತ್ತವನ್ನು ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಕೊಡುತ್ತಾನೆ. ಇಲ್ಲಿ ಕಳ್ಳತನವಿಲ್ಲ, ಬಲಾತ್ಕಾರವಿಲ್ಲ. ಎದುರಿನವನ ಅಜ್ಞಾನವೇ ಬಂಡವಾಳ.

ಎನ್ರಾನ್ ನೌಕರರ ನಿವೃತ್ತಿ ನಿಧಿಯ ಕಥೆ ಇದಕ್ಕೆ ಹತ್ತಿರವಾದುದು. 2000ನೆಯ ವರ್ಷದ ಕೊನೆಗೆ ಆ ನಿಧಿಯ ಸುಮಾರು ಶೇಕಡಾ 60ರಷ್ಟು ಹಣ ಕಂಪೆನಿಯ ಶೇರುಗಳಲ್ಲೇ ಇತ್ತು. ಕಂಪೆನಿ ತನ್ನ ಪಾಲಿನ ವಂತಿಗೆಯಾಗಿ ನೀಡಿದ ಶೇರುಗಳನ್ನು ನೌಕರರು 50 ವರ್ಷ ತುಂಬುವವರೆಗೆ ಮಾರುವಂತಿರಲಿಲ್ಲ. ತಮ್ಮ ಒತ್ತೆಯ ನಿಜವಾದ ಮೌಲ್ಯ ಎಷ್ಟೆಂಬುದನ್ನು ತಿಳಿಯಲು ಅವರಿಗಿದ್ದ ಆಧಾರ ಕಂಪೆನಿ ಪ್ರಕಟಿಸುತ್ತಿದ್ದ ಲೆಕ್ಕಗಳೇ. 2001ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಕೆನೆತ್ ಲೇ ಅವರು ಶೇರಿನ ಅಂದಿನ ಬೆಲೆ ಅಗ್ಗವೆಂದೂ ಕೊಳ್ಳಲು ಯೋಗ್ಯವೆಂದೂ ನೌಕರರಿಗೆ ತಿಳಿಸಿದರು. ಆ ವರ್ಷವೆಲ್ಲ ಅವರೇ ತಮ್ಮ ಶೇರುಗಳನ್ನು ಕಂಪೆನಿಗೆ ಮರಳಿಸಿ ತಮ್ಮ ಸಾಲ ತೀರಿಸಿಕೊಳ್ಳುತ್ತಿದ್ದರು. ಮಿಥ್ಯೋಪದೇಶವೆಂಬ ಮೊದಲ ಅತಿಚಾರಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ. 2006ರ ಮೇ ತಿಂಗಳಲ್ಲಿ ತೀರ್ಪುಗಾರರ ಮಂಡಲಿ ಅವರನ್ನೂ ಮಾಜಿ ಮುಖ್ಯಾಧಿಕಾರಿ ಜೆಫ್ರಿ ಸ್ಕಿಲ್ಲಿಂಗ್ ಅವರನ್ನೂ ದೋಷಿಗಳೆಂದು ಘೋಷಿಸಿತು. ಶಿಕ್ಷೆ ನಿಗದಿಯಾಗುವ ಮೊದಲೇ ಜುಲೈನಲ್ಲಿ ಲೇ ತೀರಿಕೊಂಡದ್ದರಿಂದ ಅಲ್ಲಿಯ ಕಾನೂನಿನಂತೆ ಅವರ ಮೇಲಿನ ತೀರ್ಪು ರದ್ದಾಯಿತು. ನೌಕರರ ನಷ್ಟವಂತೂ ರದ್ದಾಗಲಿಲ್ಲ.

ಸದ್ದಿನ ನಡುವೆ ದೋಷನಿವೇದನೆ

ತಪ್ಪಾದ ಮೇಲೆ ಅದನ್ನು ಗುರುವಿನ ಮುಂದೆ ಮರೆಮಾಚದೆ ಹೇಳಿಕೊಳ್ಳುವುದಕ್ಕೆ ಜೈನಾಚಾರದಲ್ಲಿ ಆಲೋಚನೆ ಎಂದು ಹೆಸರು. ಪ್ರಾಯಶ್ಚಿತ್ತದ ಭೇದಗಳಲ್ಲಿ ಅದು ಮೊದಲನೆಯದು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಈ ನಿವೇದನೆಗೆ ಅಂಟುವ ಹತ್ತು ದೋಷಗಳನ್ನು ವಿವರಿಸಿದೆ. ಅವುಗಳಲ್ಲಿ ಮೂರು ಈ ಸಂದರ್ಭಕ್ಕೆ ಒಪ್ಪುತ್ತವೆ. ಇತರರು ಕಂಡ ತಪ್ಪನ್ನು ಮಾತ್ರ ಒಪ್ಪಿಕೊಂಡು ಕಾಣದ್ದನ್ನು ಬಿಡುವುದು ‘ದೃಷ್ಟ’. ಸಣ್ಣ ತಪ್ಪನ್ನು ಹೇಳಿ ದೊಡ್ಡದನ್ನು ಮುಚ್ಚುವುದು ‘ಸೂಕ್ಷ್ಮ’. ಅನೇಕರು ಒಟ್ಟಿಗೆ ನಿವೇದಿಸುವಾಗಿನ ಗದ್ದಲದಲ್ಲಿ, ಗುರುವಿಗೆ ಸರಿಯಾಗಿ ಕೇಳಿಸದಂತೆ ಹೇಳಿ ಮುಗಿಸುವುದು ‘ಶಬ್ದಾಕುಲ’.

2001ರ ಅಕ್ಟೋಬರ್ 16ರಂದು ಎನ್ರಾನ್ ತನ್ನ ಮೂರನೆಯ ತ್ರೈಮಾಸಿಕ ಫಲಿತಾಂಶವನ್ನು ಪ್ರಕಟಿಸಿತು. ಆ ಪ್ರಕಟಣೆಯನ್ನು ಒಂದು ಬರಹವೆಂದು ಓದಿದರೆ ಈ ಮೂರು ದೋಷಗಳೂ ಅದರಲ್ಲಿ ಕಾಣುತ್ತವೆ. ತಲೆಬರಹದಲ್ಲಿ ಮೊದಲಿಗೆ ಬಂದದ್ದು ಶೇರಿಗೆ 43 ಸೆಂಟ್‌ಗಳ ‘ಪುನರಾವರ್ತಿತ’ ಗಳಿಕೆ. ನೂರಾಒಂದು ಕೋಟಿ ಡಾಲರ್‌ಗಳ ವೆಚ್ಚಕ್ಕೆ ‘ಪುನರಾವರ್ತಿಸದ’ ಎಂಬ ವಿಶೇಷಣ ಸೇರಿತು. ಆ ತ್ರೈಮಾಸಿಕದ ನಿವ್ವಳ ಫಲ 61 ಕೋಟಿ 80 ಲಕ್ಷ ಡಾಲರ್ ನಷ್ಟವೆಂಬುದನ್ನು ಓದುಗನು ಒಳಗೆ ಹುಡುಕಿಕೊಳ್ಳಬೇಕಾಯಿತು. ಇನ್ನು ಶೇರುದಾರರ ಬಂಡವಾಳದಲ್ಲಿ 120 ಕೋಟಿ ಡಾಲರ್‌ಗಳಷ್ಟು ಕಡಿತವಾಗಿದೆಯೆಂಬ ಅತ್ಯಂತ ಗಂಭೀರವಾದ ಸಂಗತಿ ಆ ಪ್ರಕಟಣೆಯಲ್ಲಿ ಇರಲೇ ಇಲ್ಲ. ಅನಂತರ ವಿಶ್ಲೇಷಕರೊಂದಿಗೆ ನಡೆದ ದೂರವಾಣಿ ಸಭೆಯಲ್ಲಿ, ಬೇರೆ ಮಾತುಗಳ ನಡುವೆ, ಅದನ್ನು ಹೇಳಿ ದಾಟಲಾಯಿತು. ಹೇಳಲಿಲ್ಲವೆಂದು ಯಾರೂ ದೂರುವಂತಿಲ್ಲ. ಹೇಳಿದರೆಂದು ಒಪ್ಪಲೂ ಸಾಧ್ಯವಿಲ್ಲ. ಶಬ್ದಾಕುಲವೆಂದರೆ ಇದೇ. ನವೆಂಬರ್ 8ರಂದು ಕಂಪೆನಿ 1997ರಿಂದ ತೋರಿಸಿದ್ದ ಲಾಭದಲ್ಲಿ ಸುಮಾರು 58 ಕೋಟಿ 60 ಲಕ್ಷ ಡಾಲರ್ ಹೆಚ್ಚಾಗಿತ್ತೆಂದು ಒಪ್ಪಿಕೊಂಡಿತು. ಅಷ್ಟರಲ್ಲಿ ಆಯೋಗದ ತನಿಖೆ ಬಾಗಿಲಲ್ಲಿ ನಿಂತಿತ್ತು. ಅದು ದೃಷ್ಟದೋಷದ ನಿವೇದನೆ.

ಭಾರತದಲ್ಲಿ 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರು ನಿರ್ದೇಶಕ ಮಂಡಳಿಗೆ ಬರೆದ ಪತ್ರವನ್ನು ಇದರೊಡನೆ ಹೋಲಿಸಬಹುದು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೆಂದು ಆ ಪತ್ರ ಅಂಕಿಸಹಿತವಾಗಿ ಹೇಳಿತು. ಮಾತಿನ ಸ್ಪಷ್ಟತೆಯಲ್ಲಿ ಅದು ಎನ್ರಾನ್ ಪ್ರಕಟಣೆಗಿಂತ ಮೇಲು. ಆದರೆ ಬೇರೆಲ್ಲ ದಾರಿಗಳೂ ಮುಚ್ಚಿದ ಮೇಲೆ ಬಂದ ನಿವೇದನೆಗೆ ತನಿಖೆಯ ಹೇಳಿಕೆಯ ಬೆಲೆಯಿದೆ; ಪ್ರಾಯಶ್ಚಿತ್ತದ ಬೆಲೆ ಇಲ್ಲ.

ದಾಖಲೆಗಳ ನಾಶ

ಎನ್ರಾನ್‌ನ ಲೆಕ್ಕಪರಿಶೋಧಕರಾಗಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆಯ ಹ್ಯೂಸ್ಟನ್ ಕಚೇರಿಯಲ್ಲಿ 2001ರ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಎರಡನೆಯ ವಾರದವರೆಗೆ ಎನ್ರಾನ್‌ಗೆ ಸಂಬಂಧಿಸಿದ ಕಾಗದಪತ್ರಗಳನ್ನು ದೊಡ್ಡ ಪ್ರಮಾಣದಲ್ಲಿ ಚೂರುಯಂತ್ರಕ್ಕೆ ಹಾಕಲಾಯಿತು. ಸಂಸ್ಥೆಯ ಕಡತ ನಿಯಮವನ್ನು ಪಾಲಿಸಿರಿ ಎಂಬ ಸೂಚನೆ ಅದಕ್ಕೆ ಮುನ್ನ ಬಂದಿತ್ತು. ನಿಯಮ ಹಳೆಯದು, ಅದನ್ನು ನೆನಪಿಸಿದ ಗಳಿಗೆ ಮಾತ್ರ ಹೊಸದು. 2002ರ ಜೂನ್‌ನಲ್ಲಿ ಸಂಸ್ಥೆ ದೋಷಿಯೆಂದು ತೀರ್ಪಾಯಿತು. 2005ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪುಗಾರರಿಗೆ ನೀಡಿದ ಸೂಚನೆಗಳು ಸರಿಯಿರಲಿಲ್ಲವೆಂಬ ಕಾರಣದಿಂದ ಆ ತೀರ್ಪನ್ನು ತಳ್ಳಿಹಾಕಿತು. ಆ ವೇಳೆಗೆ ಸಾವಿರಾರು ನಿರ್ದೋಷಿ ನೌಕರರಿದ್ದ ಸಂಸ್ಥೆ ಚದುರಿಹೋಗಿತ್ತು.

2002ರ ಜುಲೈ 30ರಂದು ಜಾರಿಗೆ ಬಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಈ ಅನುಭವದ ಫಲ. ಕಂಪೆನಿಯ ಮುಖ್ಯಾಧಿಕಾರಿಯೂ ಹಣಕಾಸಿನ ಅಧಿಕಾರಿಯೂ ಲೆಕ್ಕಗಳಿಗೆ ಸ್ವತಃ ಸಹಿ ಹಾಕಿ ಹೊಣೆ ಹೊರಬೇಕೆಂದು ಅದು ವಿಧಿಸಿತು. ತನಿಖೆಗೆ ಅಡ್ಡಿಯಾಗುವ ಉದ್ದೇಶದಿಂದ ದಾಖಲೆಯನ್ನು ನಾಶ ಮಾಡಿದರೆ ಅಥವಾ ತಿದ್ದಿದರೆ 20 ವರ್ಷಗಳವರೆಗೆ ಸೆರೆವಾಸವೆಂದಿತು. ಕೂಟಲೇಖಕ್ಕೂ ಲೇಖನಾಶಕ್ಕೂ ಒಂದೇ ತೂಕವೆಂಬ ತತ್ತ್ವವನ್ನು ಕಾನೂನು ಹೀಗೆ ಸ್ವೀಕರಿಸಿತು. ಇಲ್ಲಿಯವರೆಗೆ ಕಾನೂನಿನ ದಾರಿಯೂ ವ್ರತದ ದಾರಿಯೂ ಜೊತೆಯಾಗಿ ಸಾಗುತ್ತವೆ.

ಎರಡು ಪ್ರಕಟಣೆಗಳು

ಮುಂದಿನ ಘಟ್ಟದಲ್ಲಿ ಆ ದಾರಿಗಳು ಬೇರೆಯಾಗುತ್ತವೆ. 2000 ಮತ್ತು 2001ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ವಿದ್ಯುತ್ತಿನ ಬೆಲೆ ಅಸಹಜವಾಗಿ ಏರಿ, ಪಾಳಿಯ ಮೇಲೆ ವಿದ್ಯುತ್ ಕಡಿತ ಮಾಡಬೇಕಾಯಿತು. ಈ ಬಗ್ಗೆ ತನಿಖೆ ನಡೆಸಿದ್ದು ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್, ಅಂದರೆ ಅಲ್ಲಿಯ ಕೇಂದ್ರ ಇಂಧನ ನಿಯಂತ್ರಣ ಆಯೋಗ. ಅದು ಎನ್ರಾನ್ ದಾಖಲೆಗಳನ್ನು ಎರಡು ಬಾರಿ ಸಾರ್ವಜನಿಕರ ಮುಂದಿಟ್ಟಿತು. ಆ ಎರಡು ಪ್ರಕಟಣೆಗಳ ಅಂತರವೇ ಈ ವಿಮರ್ಶೆಯ ಹೃದಯ.

ಮೊದಲನೆಯದು 2002ರ ಮೇ ತಿಂಗಳಲ್ಲಿ. ಕಂಪೆನಿಯ ವಕೀಲರು ಬರೆದ ಟಿಪ್ಪಣಿಗಳನ್ನು ಆಯೋಗ ಬಿಡುಗಡೆ ಮಾಡಿತು. ವಿದ್ಯುತ್ ಮಾರುಕಟ್ಟೆಯ ನಿಯಮಗಳನ್ನು ಬಳಸಿಕೊಂಡು ಲಾಭ ಮಾಡುವ ತಂತ್ರಗಳನ್ನು ಅವು ವಿವರಿಸಿದ್ದವು. ಆ ತಂತ್ರಗಳಿಗೆ ವ್ಯಾಪಾರಿಗಳು ‘ಡೆತ್ ಸ್ಟಾರ್’, ‘ಫ್ಯಾಟ್ ಬಾಯ್’ ಎಂಬ ಅಡ್ಡಹೆಸರುಗಳನ್ನಿಟ್ಟಿದ್ದರು. ಈ ಕಾಗದಗಳು ವಿಚಾರಣೆಯ ವಿಷಯಕ್ಕೆ ನೇರವಾಗಿ ಸೇರಿದವು. ಇವು ಹೊರಬರದಿದ್ದರೆ ಕತ್ತಲೆಯಲ್ಲಿ ಕುಳಿತಿದ್ದ ಜನರಿಗೆ ಕತ್ತಲೆಯ ಕಾರಣ ತಿಳಿಯುತ್ತಿರಲಿಲ್ಲ. ಪರರಿಗೆ ಹಾನಿ ಮಾಡುವ ಮಂತ್ರಾಲೋಚನೆಯನ್ನು ರಾಜಸಂಸ್ಥೆ ಬಯಲಿಗೆಳೆದರೆ ಅದು ಮಂತ್ರಭೇದವಲ್ಲ, ರಕ್ಷಣೆ.

ಎರಡನೆಯದು 2003ರ ಮಾರ್ಚ್ 26ರಂದು. ತನಿಖೆಯ ಅಂತಿಮ ವರದಿಯೊಂದಿಗೆ ಆಯೋಗವು ವಶಪಡಿಸಿಕೊಂಡಿದ್ದ ಇ-ಮೇಲ್ ಪತ್ರಗಳ ರಾಶಿಯನ್ನೂ ಸಾರ್ವಜನಿಕಗೊಳಿಸಿತು. ಹತ್ತು ಲಕ್ಷಕ್ಕೂ ಮೀರಿದ ಆ ಪತ್ರಗಳಲ್ಲಿ ವ್ಯಾಪಾರದ ಮಾತುಗಳಿದ್ದವು. ಅವುಗಳ ಜೊತೆಗೆ ಗಂಡಹೆಂಡಿರ ಮಾತು, ಮಕ್ಕಳ ವಿಷಯ, ಕಾಯಿಲೆಯ ಸುದ್ದಿ, ಮನಸ್ತಾಪ, ನೌಕರರ ಸರ್ಕಾರಿ ಗುರುತಿನ ಸಂಖ್ಯೆ ಎಲ್ಲವೂ ಇದ್ದವು. ಬರೆದವರಲ್ಲಿ ಬಹುಮಂದಿಯ ಮೇಲೆ ಯಾವ ಆರೋಪವೂ ಇರಲಿಲ್ಲ. ಅವರ ನಿವೃತ್ತಿಯ ಹಣ ಈಗಾಗಲೇ ಹೋಗಿತ್ತು. ಈಗ ಅವರ ಏಕಾಂತವೂ ಹೋಯಿತು. ದೂರುಗಳು ಬಂದ ಮೇಲೆ ಕೆಲವನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಉಳಿದ ರಾಶಿಯಿಂದ ಸುಮಾರು 150 ಮಂದಿಯ ಐದು ಲಕ್ಷದಷ್ಟು ಪತ್ರಗಳ ಸಂಗ್ರಹವೊಂದು ವಿಶ್ವವಿದ್ಯಾಲಯಗಳ ಸಂಶೋಧಕರ ಕೈಸೇರಿತು. ಪತ್ರಗಳನ್ನು ವಿಂಗಡಿಸುವ, ಭಾಷೆಯನ್ನು ವಿಶ್ಲೇಷಿಸುವ ಕಂಪ್ಯೂಟರ್ ವಿಧಾನಗಳನ್ನು ರೂಪಿಸಲು ಅದು ಅಂದಿನಿಂದಲೂ ಬಳಕೆಯಾಗುತ್ತಾ ಬಂದಿದೆ. ಹತ್ತು ವರ್ಷಗಳು ಕಳೆದು 2013ರಲ್ಲಿ ಪರಿಶೀಲಿಸಿದಾಗಲೂ ಪ್ರಚಾರದಲ್ಲಿದ್ದ ಸಂಗ್ರಹದಲ್ಲಿ ವ್ಯಕ್ತಿಗಳ ಗುರುತಿನ ಸಂಖ್ಯೆಗಳೂ ಕ್ರೆಡಿಟ್ ಕಾರ್ಡ್ ವಿವರಗಳೂ ಉಳಿದುಕೊಂಡಿದ್ದವು.

ಒಂದೇ ಆಯೋಗ, ಒಂದೇ ತನಿಖೆ, ಒಂದೇ ಕಂಪೆನಿ. ಮೊದಲನೆಯ ಪ್ರಕಟಣೆಯಲ್ಲಿ ಆರಿಸುವ ಶ್ರಮವಿತ್ತು. ಎರಡನೆಯದರಲ್ಲಿ ಆ ಶ್ರಮವನ್ನು ಕೈಬಿಡಲಾಗಿತ್ತು. ಜೈನಶಾಸ್ತ್ರವು ದೋಷದ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ದ್ವೇಷವಿದ್ದರೆ ಮಾತ್ರ ಹಿಂಸೆಯಲ್ಲ. ಎಚ್ಚರಗೇಡಿತನದಿಂದ ಆದದ್ದೂ ಹಿಂಸೆಯೇ. ಆಯೋಗಕ್ಕೆ ಆ ನೌಕರರ ಮೇಲೆ ಅಸೂಯೆ ಇರಲಿಲ್ಲ. ನೋಡಿ ನಡೆಯದೆ ಕಾಲಿಟ್ಟಲ್ಲಿ ಇರುವೆ ಸತ್ತರೆ ನಡೆದವನು ದ್ವೇಷಿಯಲ್ಲದಿದ್ದರೂ ಪ್ರಮಾದಿಯೇ.

ಒಂದು ಆಕ್ಷೇಪ

ಇಲ್ಲಿ ಒಂದು ಬಲವಾದ ಆಕ್ಷೇಪ ಬರಬಹುದು. ಯಾವುದು ಪ್ರಕಟಣೆಗೆ ಯೋಗ್ಯ, ಯಾವುದು ಅಲ್ಲ ಎಂಬುದನ್ನು ತೀರ್ಮಾನಿಸುವವರು ಯಾರು? ಆರಿಸುವ ಅಧಿಕಾರವನ್ನು ಕಂಪೆನಿಗೆ ಕೊಟ್ಟರೆ ಅದು ತನ್ನ ಪಾಪವನ್ನೆಲ್ಲ ‘ಖಾಸಗಿ’ ಎಂದು ಮುಚ್ಚಿಡುತ್ತದೆ. ಸರ್ಕಾರಕ್ಕೆ ಕೊಟ್ಟರೆ ಬೇಕಾದವರನ್ನು ಉಳಿಸುತ್ತದೆ. ಆದ್ದರಿಂದ ಎಲ್ಲವನ್ನೂ ತೆರೆಯುವುದೇ ಕ್ಷೇಮ ಎಂಬುದು ಆ ವಾದ.

ಆಕ್ಷೇಪದಲ್ಲಿ ಸತ್ಯಾಂಶವಿದೆ. ಶೇರುಪೇಟೆಯ ಕಾನೂನುಗಳ ಇತಿಹಾಸವೇ ಅದಕ್ಕೆ ಸಾಕ್ಷಿ. 1929ರ ಕುಸಿತದ ಅನಂತರ ಅಮೆರಿಕದ ಸೆನೆಟ್ ಸಮಿತಿಯ ಪರವಾಗಿ ಫರ್ಡಿನೆಂಡ್ ಪೆಕೋರಾ ಅವರು ಬ್ಯಾಂಕುಗಳ ಪುಸ್ತಕಗಳನ್ನು ಬಹಿರಂಗವಾಗಿ ಪರೀಕ್ಷಿಸದಿದ್ದರೆ 1933 ಮತ್ತು 1934ರ ಕಾಯ್ದೆಗಳಿಗೆ ಜನಬೆಂಬಲ ದೊರೆಯುತ್ತಿರಲಿಲ್ಲ. ಎನ್ರಾನ್‌ನಲ್ಲಿಯೂ ಶೆರಾನ್ ವಾಟ್ಕಿನ್ಸ್ ಎಂಬ ಅಧಿಕಾರಿ 2001ರ ಆಗಸ್ಟ್‌ನಲ್ಲಿ ಅಧ್ಯಕ್ಷರಿಗೆ ಬರೆದ ಎಚ್ಚರಿಕೆಯ ಪತ್ರ ಹೊರಬಂದುದು ಸಂಸತ್ತಿನ ತನಿಖೆಯಿಂದಲೇ. ಮುಚ್ಚಿಡುವ ಅಧಿಕಾರ ಇದ್ದವರ ಕೈಯಲ್ಲಿದ್ದಷ್ಟು ಕಾಲ ಆ ಪತ್ರ ಮುಚ್ಚಿಯೇ ಇತ್ತು.

ಆದರೆ ಈ ಎರಡು ನಿದರ್ಶನಗಳೂ ವಾದವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಪೆಕೋರಾ ಕೇಳಿದ ಪ್ರಶ್ನೆಗಳಿಗೆ ಒಂದು ಗುರಿ ಇತ್ತು. ಉತ್ತರಿಸುವವರು ಎದುರಿಗಿದ್ದರು, ತಮ್ಮ ಮಾತನ್ನು ಹೇಳಿಕೊಳ್ಳಲು ಅವಕಾಶವಿತ್ತು. ವಾಟ್ಕಿನ್ಸ್ ಪತ್ರ ಕಂಪೆನಿಯ ಲೆಕ್ಕವನ್ನು ಕುರಿತದ್ದೇ ಹೊರತು ಯಾರ ಮನೆಯನ್ನೂ ಕುರಿತದ್ದಲ್ಲ. ಆರಿಸುವವರು ತಪ್ಪಬಹುದೆಂಬುದು ಆರಿಸುವವರ ಮೇಲೆ ನಿಗಾ ಇಡಲು ಕಾರಣವಾಗಬೇಕು. ಆರಿಸುವುದನ್ನೇ ಬಿಡಲು ಕಾರಣವಾಗಬಾರದು. ತಕ್ಕಡಿ ತಪ್ಪಬಹುದೆಂದು ಯಾವ ವರ್ತಕನೂ ತೂಗುವುದನ್ನು ನಿಲ್ಲಿಸುವುದಿಲ್ಲ. ಸೋಸದೆ ನೀರು ಕುಡಿಯಬಾರದೆಂಬ ಧರ್ಮದಲ್ಲಿ ಹುಟ್ಟಿದವರಿಗೆ ಸೋಸುವ ಶ್ರಮದ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೀಗೆ ನೋಡಿದಾಗ ಪರೀಕ್ಷೆಯ ಪ್ರಶ್ನೆ ಒಂದೇ ಆಗಿ ಉಳಿಯುತ್ತದೆ: ಈ ಬರಹವನ್ನು ತಿಳಿಯುವ ಹಕ್ಕು ಯಾರಿಗಿದೆ? ಹಣ ಹೂಡಿದವನಿಗೆ ಆ ಹಣದ ಗತಿಯನ್ನು ತಿಳಿಯುವ ಹಕ್ಕಿದೆ. ಅವನಿಂದ ಅದನ್ನು ಮರೆಮಾಡಿದರೆ ಕೂಟಲೇಖ. ಗುಮಾಸ್ತೆಯ ಮನೆಯ ಕಾಯಿಲೆಯನ್ನು ತಿಳಿಯುವ ಹಕ್ಕು ಅವನಿಗಿಲ್ಲ. ಅದನ್ನು ಅವನ ಮುಂದಿಟ್ಟರೆ ರಹೋಭ್ಯಾಖ್ಯಾನ.

ಬಸದಿಯ ಲೆಕ್ಕ

ದೂರದ ಹ್ಯೂಸ್ಟನ್ನಿನ ಈ ಕಥೆ ಇಲ್ಲಿಯ ಬಸದಿಗಳಿಗೂ ಟ್ರಸ್ಟುಗಳಿಗೂ ಸಂಬಂಧಿಸಿದ್ದಲ್ಲವೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಮೊತ್ತ ಚಿಕ್ಕದಿರಬಹುದು, ದೋಷದ ಜಾತಿ ಒಂದೇ. ದೇವದ್ರವ್ಯವೆಂಬುದು ಶ್ರಾವಕರು ನಂಬಿ ಇಟ್ಟ ನ್ಯಾಸ. ಅದರ ಅಢಾವೆ ಪತ್ರಿಕೆಯಲ್ಲಿ ‘ಇತರೆ ಖರ್ಚು’ ಎಂಬ ಒಂದು ಸಾಲು ಎಷ್ಟು ದೊಡ್ಡದಾಗಿದೆ? ಬಸದಿಯ ಮಳಿಗೆಯನ್ನು ಧರ್ಮದರ್ಶಿಯೊಬ್ಬರ ಬಂಧುವಿಗೆ ಬಾಡಿಗೆಗೆ ಕೊಟ್ಟಿದ್ದರೆ ಆ ಸಂಬಂಧವನ್ನೂ ಬಾಡಿಗೆಯ ದರವನ್ನೂ ಸ್ಪಷ್ಟವಾಗಿ ಬರೆದಿದೆಯೆ? ಜೀರ್ಣೋದ್ಧಾರದ ಗುತ್ತಿಗೆಯಲ್ಲಿ ಕೊಡುವವರೂ ಪಡೆಯುವವರೂ ಒಂದೇ ಮನೆಯವರಾಗಿದ್ದರೆ ಅದನ್ನು ಸಭೆಗೆ ತಿಳಿಸಿದೆಯೆ, ಅಥವಾ ವಾರ್ಷಿಕ ಸಭೆಯ ಕೊನೆಯಲ್ಲಿ ಊಟಕ್ಕೆ ಏಳುವ ಗದ್ದಲದ ನಡುವೆ ಓದಿ ಮುಗಿಸಿದೆಯೆ? ಅಕ್ಟೋಬರ್ 16ರ ದೂರವಾಣಿ ಸಭೆಯನ್ನು ಟೀಕಿಸುವವರು ಈ ಪ್ರಶ್ನೆಗಳಿಗೂ ಉತ್ತರಿಸಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಇಲ್ಲಿ ಅಪರೂಪವಲ್ಲ. ಪಾರದರ್ಶಕತೆಯ ಹೆಸರಿನಲ್ಲಿ ಸಹಾಯ ಪಡೆದ ಬಡ ಕುಟುಂಬಗಳ ಹೆಸರು, ಊರು, ಪಡೆದ ಮೊತ್ತ, ಕಾರಣಗಳನ್ನೆಲ್ಲ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವ ಪದ್ಧತಿ ಕೆಲವೆಡೆ ಇದೆ. ವಿದ್ಯಾರ್ಥಿವೇತನ ಪಡೆದ ಮಗುವಿನ ತಂದೆಯ ದಿವಾಳಿ, ಔಷಧಕ್ಕೆ ನೆರವು ಪಡೆದ ವಿಧವೆಯ ರೋಗ, ಇವು ಸಮಾಜದ ಮುಂದೆ ಓದಬೇಕಾದ ವಿಷಯಗಳಲ್ಲ. ಎಷ್ಟು ಕುಟುಂಬಗಳಿಗೆ ಒಟ್ಟು ಎಷ್ಟು ಹಣ ಸಂದಿತೆಂಬುದನ್ನು ಸಭೆಗೆ ಹೇಳಬೇಕು, ಹೆಸರುಗಳುಳ್ಳ ರಸೀದಿಗಳನ್ನು ಲೆಕ್ಕಪರಿಶೋಧಕರಿಗೆ ತೋರಿಸಬೇಕು, ಅಲ್ಲಿಗೆ ನಿಲ್ಲಿಸಬೇಕು. ಸಾಧರ್ಮಿಕ ವಾತ್ಸಲ್ಯವೆಂದು ಕೊಟ್ಟ ನೆರವು ಪಡೆದವನ ತಲೆಯನ್ನು ತಗ್ಗಿಸಿದರೆ ಅದು ವಾತ್ಸಲ್ಯವಾಗಿ ಉಳಿಯುವುದಿಲ್ಲ. ದೊಡ್ಡವರ ಬಾಡಿಗೆಯನ್ನು ಒಂದು ಸಾಲಿನಲ್ಲಿ ಅಡಗಿಸಿ, ಬಡವರ ಹೆಸರನ್ನು ಎರಡು ಪುಟಗಳಲ್ಲಿ ಹರಡುವ ವರದಿ ಐದು ಅತಿಚಾರಗಳಲ್ಲಿ ಎರಡನ್ನು ಏಕಕಾಲದಲ್ಲಿ ಮಾಡುತ್ತದೆ.

ಮಾರ್ಗದರ್ಶನಕ್ಕಾಗಿ ಅಮೆರಿಕದ ಕಾಯ್ದೆಯವರೆಗೆ ಹೋಗಬೇಕಾದುದಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಭಕ್ತರು ಗದ್ಯಾಣಗಳನ್ನು ಮೂಲಧನವಾಗಿ ಇಟ್ಟ ಸಂಗತಿಯನ್ನು ತಿಳಿಸುವ 13ನೆಯ ಶತಮಾನದ ಶಾಸನಗಳಿವೆ. ಕೊಟ್ಟವರು ಯಾರು, ಇಟ್ಟ ಹಣವೆಷ್ಟು, ಅದರ ಬಡ್ಡಿಯಿಂದ ನಡೆಯಬೇಕಾದ ಧರ್ಮಕಾರ್ಯವೇನು ಎಂಬುದು ಕಲ್ಲಿನಲ್ಲಿದೆ. ಬೆಟ್ಟವೇರಿ ಬರುವ ಯಾವ ಯಾತ್ರಿಕನೂ ಅದನ್ನು ಓದಿ, ಹಾಲು ಸಲ್ಲುತ್ತಿದೆಯೇ ಎಂದು ವಿಚಾರಿಸಬಹುದಾಗಿತ್ತು. ದಾನಿಯ ಮನೆಯ ದುಃಖವೇನಿತ್ತೆಂದು ಲೆಕ್ಕದ ಆ ಸಾಲುಗಳು ಹೇಳುವುದಿಲ್ಲ. ನ್ಯಾಸಕ್ಕೆ ಸಂಬಂಧಿಸಿದ್ದನ್ನು ಯಾರೂ ಅಳಿಸಲಾಗದಂತೆ ಬರೆಯುವುದು, ಸಂಬಂಧಿಸದ್ದನ್ನು ಬರೆಯದೆ ಬಿಡುವುದು ಎಂಬ ಎರಡು ವಿವೇಕಗಳೂ ಆ ಕಲ್ಲುಗಳಲ್ಲಿ ಒಟ್ಟಿಗೆ ಇವೆ.

ಬರಲಿರುವ ದೀಪಾವಳಿಯಂದು ಹೊಸ ಪುಸ್ತಕದ ಮೊದಲ ಪುಟಕ್ಕೆ ಕುಂಕುಮವಿಡುವ ಪ್ರತಿಯೊಬ್ಬ ವರ್ತಕನೂ ಪ್ರತಿಯೊಂದು ಟ್ರಸ್ಟಿನ ಕಾರ್ಯದರ್ಶಿಯೂ ಈ ಎರಡು ವಿವೇಕಗಳನ್ನು ಸಂಕಲ್ಪದಲ್ಲಿ ಸೇರಿಸಿಕೊಳ್ಳುವುದು ಉಚಿತ. ತನಿಖೆಯವರು ಬಂದು ತೆರೆದಾಗ ನಾಚಬೇಕಾಗದಂತೆ ಬರೆದ ಪುಸ್ತಕ ಒಳ್ಳೆಯದು. ತೆರೆದಾಗ ಬೇರೊಬ್ಬರು ನಾಚಬೇಕಾಗದಂತೆಯೂ ಬರೆದಿದ್ದರೆ ಅದು ವ್ರತಿಯ ಪುಸ್ತಕ.